ದಿನಕ್ಕೊಂದು ಒಗಟಿನ ಅಡ್ವೆಂಟ್ ಕ್ಯಾಲೆಂಡರ್ ಮನೆಯಲ್ಲಿ ಆಡಬಹುದಾ? ನಾವು ಎರಡು ವರ್ಷ ಆಡಿದ್ದು ಹೀಗೆ

ನಿಮ್ಮ ಪ್ರಶ್ನೆ ಇಷ್ಟು: ಡಿಸೆಂಬರ್‌ನಲ್ಲಿ ದಿನಕ್ಕೊಂದು ಒಗಟು ಬಿಡಿಸುವ ಅಡ್ವೆಂಟ್ ಕ್ಯಾಲೆಂಡರ್ ಆಟ, ಅಂದರೆ ಕ್ರಿಸ್‌ಮಸ್‌ವರೆಗೆ ದಿನಕ್ಕೊಂದು ಪುಟ್ಟ ಬಾಗಿಲು ತೆರೆಯುವ ಪೆಟ್ಟಿಗೆ, ತರಿಸಬೇಕು ಅಂತಿದ್ದೀರಿ. ಮನೆಯಲ್ಲಿ 9 ಮತ್ತು 13 ವರ್ಷದ ಮಕ್ಕಳಿದ್ದಾರೆ. ಇಬ್ಬರೂ ಸೇರಿ ಆಡಬಹುದಾ, ಕೊಟ್ಟ ದುಡ್ಡಿಗೆ ಮೋಸ ಇಲ್ಲವಾ?

ನಾವಿರುವುದು ಬೆಳಗಾವಿಯ ಟಿಳಕವಾಡಿಯಲ್ಲಿ. ನನ್ನ ಮಕ್ಕಳದೂ ಹೆಚ್ಚುಕಡಿಮೆ ಅದೇ ವಯಸ್ಸು. ಮೊದಲ ವರ್ಷ ಕೊಂಡು ಆಡಿದೆವು, ಮರುವರ್ಷ ನಾವೇ ಮಾಡಿ ಆಡಿದೆವು. ಖಂಡಿತ ಆಡಿ. ಆದರೆ ದಿನಕ್ಕೆ ಒಂದೇ ಬಾಗಿಲು ತೆರೆಯಿರಿ. ಅದೊಂದನ್ನು ಮಾತ್ರ ಬಿಗಿಯಾಗಿ ಹಿಡಿಯಿರಿ.

ಅಡ್ವೆಂಟ್ ಅಂದರೆ ಕ್ರಿಸ್‌ಮಸ್‌ಗೆ ಕಾಯುವ ಕಾಲ. ನಮ್ಮ ಕಡೆ ಚರ್ಚ್‌ಗಳಲ್ಲಿ ಕನ್ನಡದಲ್ಲಿ ಆಗಮನ ಕಾಲ ಅನ್ನುತ್ತಾರೆ. ಅದು ನಾಲ್ಕು ಭಾನುವಾರಗಳ ಲೆಕ್ಕ, ಹಾಗಾಗಿ ಶುರುವಾಗುವ ತಾರೀಕು ವರ್ಷ ವರ್ಷ ಬದಲಾಗುತ್ತದೆ. ಕ್ಯಾಲೆಂಡರ್ ಮಾತ್ರ ಸಾಮಾನ್ಯವಾಗಿ ಡಿಸೆಂಬರ್ 1ರಿಂದ 24ರವರೆಗೆ. 19ನೇ ಶತಮಾನದಲ್ಲಿ ಜರ್ಮನಿಯ ಮನೆಗಳಲ್ಲಿ ಬಾಗಿಲ ಮೇಲೆ ಸೀಮೆಸುಣ್ಣದಿಂದ 24 ಗೆರೆ ಎಳೆದು, ದಿನಕ್ಕೊಂದು ಅಳಿಸುತ್ತಿದ್ದರಂತೆ. ಇದನ್ನು ಹೇಳಿದಾಗ ನಮ್ಮವ್ವನಿಗೆ ಬಹಳ ಖುಷಿಯಾಯಿತು. ಹಾಲಿನ ಲೆಕ್ಕಕ್ಕೆ ಅಡುಗೆಮನೆ ಗೋಡೆ ಮೇಲೆ ಇದ್ದಿಲಿನಿಂದ ಗೆರೆ ಎಳೆದವಳು ಅವಳು. 20ನೇ ಶತಮಾನದ ಶುರುವಿನಲ್ಲಿ ಮ್ಯೂನಿಕ್‌ನ ಗೆರ್ಹಾರ್ಡ್ ಲಾಂಗ್ ಎಂಬ ಮುದ್ರಕ ಇದನ್ನು ಅಚ್ಚು ಹಾಕಿ ಮಾರತೊಡಗಿದ. ಕ್ಯಾಲೆಂಡರ್‌ನ ಪುಟ್ಟ ಬಾಗಿಲ ಹಿಂದೆ ಚಾಕೊಲೇಟ್ ಬದಲು ಒಗಟು ಬಂದದ್ದು ತೀರಾ ಈಚೆಗೆ.

ನಾವು ತರಿಸಿದ್ದು ಜರ್ಮನಿಯ ಕಾಸ್ಮೋಸ್ ಪ್ರಕಾಶನದ ಎಕ್ಸಿಟ್ ಎಂಬ ಒಗಟಿನ ಆಟಗಳ ಸರಣಿಯದು, ಇಂಗ್ಲಿಷ್‌ನದು. ದೊಡ್ಡ ಪೆಟ್ಟಿಗೆಯಲ್ಲಿ 24 ಬಾಗಿಲು, ಜೊತೆಗೊಂದು ಕಥೆ. ಇವತ್ತಿನ ಒಗಟಿನ ಉತ್ತರ ಸಿಕ್ಕರೆ ಮುಂದೆ ಯಾವ ಬಾಗಿಲು ತೆರೆಯಬೇಕು ಅಂತ ಗೊತ್ತಾಗುತ್ತದೆ. ಸಾಲಾಗಿ ತೆರೆಯುವ ಹಾಗಿಲ್ಲ. ಕಾಗದ ಕತ್ತರಿಸಬೇಕು, ಮಡಚಬೇಕು, ಮೇಲೆ ಬರೆಯಬೇಕು. ಹಾಗಾಗಿ ಒಮ್ಮೆ ಆಡಿದರೆ ಮುಗಿಯಿತು, ಇನ್ನೊಬ್ಬರಿಗೆ ಕೊಡಲು ಬರುವುದಿಲ್ಲ. ದುಡ್ಡಿನ ಲೆಕ್ಕ ಹಾಕುವಾಗ ಇದು ನೆನಪಿರಲಿ. ನಮಗೆ ಬಂದ ಪಾರ್ಸೆಲ್‌ನ ಒಂದು ಮೂಲೆ ಜಜ್ಜಿ ಮೂರು ಬಾಗಿಲು ಬಾಯಿಬಿಟ್ಟಿದ್ದವು. ಮಕ್ಕಳು ಮಲಗಿದ ಮೇಲೆ ಟೇಪ್ ಹಚ್ಚಿ ಮುಚ್ಚಿದೆ. ನವೆಂಬರ್ ಮಧ್ಯದಲ್ಲೇ ತರಿಸಿ, ಬಂದ ದಿನವೇ ಬಿಚ್ಚಿ ನೋಡಿ.

ಒಂದು ವಾರ ಚೆನ್ನಾಗಿ ನಡೆಯಿತು. ರಾತ್ರಿ ಊಟ ಆದಮೇಲೆ ಹದಿನೈದು ನಿಮಿಷ, ಕೆಲವು ದಿನ ಮುಕ್ಕಾಲು ಗಂಟೆ. ಆಮೇಲೆ ವಿಜಯಪುರದಲ್ಲಿ ಮದುವೆ ಬಂತು, ಮೂರು ದಿನ ಹೋದೆವು. ವಾಪಸ್ ಬಂದ ರಾತ್ರಿ ಮಕ್ಕಳು ಹಟ ಹಿಡಿದರು, ಬಾಕಿ ಉಳಿದದ್ದನ್ನೂ ಸೇರಿಸಿ ನಾಲ್ಕು ಬಾಗಿಲು ಒಟ್ಟಿಗೆ ತೆರೆದೆವು. ಮೊದಲನೆಯದನ್ನು ಪ್ರೀತಿಯಿಂದ ಬಿಡಿಸಿದರು. ಎರಡನೆಯದಕ್ಕೆ ಅವಸರ. ಮೂರನೆಯದರಲ್ಲಿ ಮಗ ನೇರವಾಗಿ ಸುಳಿವು ಓದಿದ. ನಾಲ್ಕನೆಯದನ್ನು, ಹಿಂಬದಿಯ ಗುರುತು ನೋಡದೆ ಕತ್ತರಿಸಿಬಿಟ್ಟ. ಮಗಳು ಅತ್ತಳು. ಆ ತುಂಡುಗಳನ್ನು ಜೋಡಿಸಿ ಇಟ್ಟಾಗ ಹನ್ನೊಂದು ದಾಟಿತ್ತು. ಅವತ್ತಿನಿಂದ ಎರಡು ನಿಯಮ ಮಾಡಿಕೊಂಡೆವು. ಕತ್ತರಿ ಹಿಡಿಯುವ ಮುಂಚೆ ಎರಡೂ ಬದಿ ಫೋಟೊ ತೆಗೆಯಬೇಕು. ಊರಿಗೆ ಹೋದರೆ ಆಟವೂ ನಿಲ್ಲಬೇಕು, 24ಕ್ಕೆ ಮುಗಿಯದಿದ್ದರೆ 28ಕ್ಕೆ ಮುಗಿಯಲಿ.

ಏಕೆಂದರೆ ಬಿಡಿಸದೆ ಉಳಿದ ಒಗಟು ರಾತ್ರಿಯಿಡೀ ತಲೆಯಲ್ಲಿ ಕೂತಿರುತ್ತದೆ ಅಲ್ವಾ, ಅದೇ ಈ ಆಟದ ರುಚಿ. ಒಂದು ದಿನ ಮಗಳು ಬೆಳಿಗ್ಗೆ ಹಲ್ಲುಜ್ಜುತ್ತಾ ಬಾಯಿತುಂಬ ನೊರೆ ಇಟ್ಟುಕೊಂಡೇ ಓಡಿ ಬಂದು "ಅಪ್ಪ, ಅದನ್ನ ತಿರುಗಿಸಿ ನೋಡಬೇಕು" ಅಂದಳು. ಸರಿಯಾಗಿತ್ತು.

ಆದರೆ ಭಾಷೆಯ ತೊಂದರೆ ಇದೆ, ನಿಮ್ಮ ಚಿಕ್ಕವರಿಗೂ ಆಗಬಹುದು. ಚಿತ್ರ, ಆಕಾರ, ಲೆಕ್ಕದ ಒಗಟಾದರೆ ಮಗಳು ಅಣ್ಣನಿಗಿಂತ ಮುಂದೆ. ಇಂಗ್ಲಿಷ್ ಕಥೆ ಓದಿ ಅದರೊಳಗಿನ ಸೂಕ್ಷ್ಮ ಹಿಡಿಯಬೇಕಾದಾಗ ಸುಮ್ನೆ ಕೂತುಬಿಡುತ್ತಿದ್ದಳು. ನಮ್ಮವ್ವ ಅಂತೂ ದೂರದಿಂದ ನೋಡುವುದಷ್ಟೇ ಆಯಿತು. ನನಗೆ ಅದು ಸರಿಬರಲಿಲ್ಲ. ಅವಳಿಗೆ ಗೊತ್ತಿರುವಷ್ಟು ಒಗಟು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಅದಕ್ಕೇ ಮರುವರ್ಷ ನಾವೇ ಮಾಡಿದೆವು. 24 ಖಾಲಿ ಕಡ್ಡಿಪೆಟ್ಟಿಗೆ, ಫೆವಿಕಾಲ್, ಗಣಪತ್ ಗಲ್ಲಿಯಿಂದ ತಂದ ಬಣ್ಣದ ಕಾಗದ. ಆರು ಸಾಲು, ಸಾಲಿಗೆ ನಾಲ್ಕು. ಒಂದೊಂದರಲ್ಲೂ ಒಂದು ಚೀಟಿ, ಒಂದು ಗೋಡಂಬಿ ಅಥವಾ ಗೋಕಾಕದ ಕರದಂಟಿನ ಚೂರು. ಉತ್ತರ ಮುಂದಿನ ಪೆಟ್ಟಿಗೆಯ ನಂಬರ್ ಆಗಿರಬಹುದು, ಮನೆಯ ಒಂದು ಜಾಗವೂ ಆಗಿರಬಹುದು.

ಇದರಲ್ಲಿ ನಮಗೆ ಹೆಚ್ಚು ಕೈಹಿಡಿದದ್ದು ಕನ್ನಡ ಅಕ್ಷರಮಾಲೆಯೇ. ವರ್ಗೀಯ ವ್ಯಂಜನ ಬರೆದು ನೋಡಿ. ಕ ಖ ಗ ಘ ಙ ಮೊದಲ ಸಾಲು, ಪ ಫ ಬ ಭ ಮ ಕೊನೆಯ ಸಾಲು. ಐದು ಸಾಲು, ಐದು ಕಂಬ, ತಾನೇ ತಾನಾಗಿ ಒಂದು ಗುಪ್ತಲಿಪಿಯ ಚೌಕ! ಸಾಲಿನ ನಂಬರ್ ಮೊದಲು, ಕಂಬದ ನಂಬರ್ ಆಮೇಲೆ. ನಾನು ಮೊದಲು 11, 51, 31 ಅಂತ ಬರೆದು ಕೊಟ್ಟೆ. ಮಕ್ಕಳು ಬಿಡಿಸಿದಾಗ ಬಂದದ್ದು "ಕಪಟ". ಯಾರೋ ಕಪಟ ಮಾಡುತ್ತಿದ್ದಾರೆ ಅಂತ ಇಬ್ಬರೂ ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ವಿಚಾರಣೆ ಮಾಡಿದರು. ಕೊನೆಗೆ ನಮ್ಮವ್ವ ಬತ್ತಿ ಹೊಸೆಯುತ್ತಾ ಕೂತಲ್ಲಿಂದಲೇ, "ಕಪಟ ಅಲ್ಲೋ, ಕಪಾಟು ನೋಡು" ಅಂದಳು. ಮುಂದಿನ ಚೀಟಿ ಅಲ್ಲೇ, ಅವಳ ಸೀರೆಗಳ ಕೆಳಗೇ ಇತ್ತು. ಆಮೇಲೆ ಸ್ವರಕ್ಕೆ ಮೂರನೇ ಅಂಕಿ ಸೇರಿಸಿದೆವು: ಅ 1, ಆ 2, ಇ 3, ಈ 4, ಉ 5, ಊ 6. ಈಗ ಕಪಾಟು ಅಂದರೆ 111, 512, 315. ಈ ಚೌಕದ ವ್ಯಂಜನ, ಈ ಆರು ಸ್ವರ ಮಾತ್ರ ಇರುವ, ಒತ್ತಕ್ಷರ ಇಲ್ಲದ ಪದ ಆರಿಸಿಕೊಂಡರೆ ಸಾಕು.

ಅವ್ವ ಕೊಟ್ಟ ಒಗಟುಗಳಿಗೆ ಏನೂ ಖರ್ಚಿಲ್ಲ. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ" ಅಂದರೆ ಮಲ್ಲಿಗೆ, ಚೀಟಿ ಹಿತ್ತಲಿನ ಮಲ್ಲಿಗೆ ಬಳ್ಳಿಯ ಬುಡದಲ್ಲಿ. ನಿಂಬೆರಸದಲ್ಲಿ ಬರೆದ ಚೀಟಿಯೂ ಚೆನ್ನಾಗಿ ನಡೆಯುತ್ತದೆ. ಒಣಗಿದ ಮೇಲೆ ಏನೂ ಕಾಣುವುದಿಲ್ಲ. ಬಿಸಿ ಹಂಚಿನ ಹತ್ತಿರ ಹಿಡಿದರೆ, ರಸ ಹತ್ತಿದ ಕಡೆ ಕಾಗದ ಬೇಗ ಕಂದಿ ಅಕ್ಷರ ಮೂಡುತ್ತದೆ. ಹಿಡಿಯುವ ಕೆಲಸ ಮಾತ್ರ ದೊಡ್ಡವರದು.

ಎರಡನೇ ಭಾನುವಾರದ ಚೀಟಿ ನಮ್ಮನ್ನು ಮನೆಯಿಂದ ಹೊರಗೆ ಎಬ್ಬಿಸಿತು: "ಕೋಟೆಯೊಳಗೆ ಕಲ್ಲಿನ ಹೂವಿದೆ. ಎಸಳು ಎಣಿಸಿ, ಮೂರರಿಂದ ಭಾಗಿಸಿ." ಅದು ಬೆಳಗಾವಿ ಕೋಟೆಯ ಕಮಲ ಬಸದಿ, 1204ರಲ್ಲಿ ರಟ್ಟರ ಕಾಲದಲ್ಲಿ ಕಟ್ಟಿದ್ದು. ಛಾವಣಿಯ ಕಮಲಕ್ಕೆ 72 ಎಸಳು. ಹಿಂದಿನ, ಇಂದಿನ, ಮುಂದಿನ ಕಾಲದ ತೀರ್ಥಂಕರರು 24ರಂತೆ ಮೂರು ಸಲ. ಕತ್ತು ಮೇಲೆತ್ತಿ ಎಣಿಸುತ್ತಾ ಮಗಳು ಎರಡು ಸಲ ಲೆಕ್ಕ ತಪ್ಪಿದಳು. ಮೂರನೇ ಸಲ ಅಣ್ಣ ಶುರುವಿನ ಎಸಳಿಗೆ ಬೆರಳು ತೋರಿಸುತ್ತಾ ನಿಂತ. ಉತ್ತರ 24. ಕೊನೆಯ ಪೆಟ್ಟಿಗೆ ಕೊನೆಗೇ ಬರುತ್ತದೆ ಅಂದುಕೊಂಡಿದ್ದವರು, ತಿಂಗಳ ನಡುವೆಯೇ ಅದನ್ನು ತೆರೆಯಬೇಕಾದಾಗ ಕುಣಿದಾಡಿದರು.

24ರ ರಾತ್ರಿ ಪಕ್ಕದ ಮನೆಯ ಗೋವಾದ ಆಂಟಿ ಕ್ರಿಸ್‌ಮಸ್‌ನ ನೆವ್ರಿ ಕಳಿಸಿದರು, ನಮ್ಮ ಕರ್ಚಿಕಾಯಿಯ ಹಾಗೇ ಇರುತ್ತದೆ. ಮಗಳು ಉಳಿದಿದ್ದ ಒಂದು ಚೀಟಿ ಅವರಿಗೂ ಕೊಟ್ಟು ಬಂದಳು.

ಒಂದು ಸಣ್ಣ ಮಾತು: ದೊಡ್ಡವರು ಬೇಗ ಸುಳಿವು ಕೊಡಬೇಡಿ. ಅಧಿವೇಶನದ ದಿನಗಳಲ್ಲಿ ಸುವರ್ಣ ವಿಧಾನಸೌಧದ ಕಡೆ ಟ್ರಾಫಿಕ್ ಜಾಸ್ತಿ, ಒಂದು ರಾತ್ರಿ ನಾನು ಒಂಬತ್ತೂವರೆಗೆ ಮನೆ ಮುಟ್ಟಿದೆ. ಇಬ್ಬರೂ ಪೆಟ್ಟಿಗೆ ತೆರೆಯದೆ ಕಾದಿದ್ದರು. ಆ ಇಬ್ಬರ ಮುಖ ನೋಡಿದ ಮೇಲೆ ಉತ್ತರ ಹೇಳಿಬಿಡುವ ಮನಸ್ಸೇ ಬರಲಿಲ್ಲ.

ನೀವು ಕೊಳ್ಳುವುದಾದರೆ ದೊಡ್ಡವನಿಗೆ ಓದುವ ಕೆಲಸ, ಚಿಕ್ಕವರಿಗೆ ಕತ್ತರಿ, ಮಡಚುವ ಕೆಲಸ ಹಂಚಿ. ಮನೆಯಲ್ಲೇ ಮಾಡುವುದಾದರೆ ಮೊದಲ ದಿನದ ಚೀಟಿ ನನ್ನಿಂದ ತಗೊಳ್ಳಿ: 113, 311, 113. ಮಕ್ಕಳು ಬಿಡಿಸಿ ಎಲ್ಲಿಗೆ ಓಡುತ್ತಾರೋ ಅಲ್ಲಿ ಎರಡನೇ ಚೀಟಿ ಅಂಟಿಸಿಟ್ಟಿರಿ.