ಮಾರಿಷಸ್‌ಗೆ ಹೊರಟಿದ್ದೀರಾ? ರಜೆ ನೋಡಿ

ಪ್ರಶ್ನೆ: ಫೆಬ್ರವರಿ, ಮಾರ್ಚ್‌ನಲ್ಲಿ ಮಾರಿಷಸ್‌ಗೆ ಹೋಗಬೇಕು ಅಂದುಕೊಂಡಿದ್ದೇವೆ. ಅಲ್ಲಿ ಆಗ ರಜೆ ಜಾಸ್ತಿಯಂತೆ, ತೊಂದರೆ ಆಗುತ್ತಾ?

ಉತ್ತರ: ಕಡಲತೀರಕ್ಕೇನು ರಜೆ ಇಲ್ಲವಲ್ಲ! ಆದರೆ ಬ್ಯಾಂಕು, ಕಚೇರಿ ಕೆಲಸ ಇದ್ದರೆ ಮೊದಲೇ ಮುಗಿಸಿಕೊಳ್ಳಿ. ಫೆಬ್ರವರಿ 1 ಗುಲಾಮಗಿರಿ ರದ್ದಾದ ದಿನದ ರಜೆ, ಮಾರ್ಚ್ 12 ರಾಷ್ಟ್ರೀಯ ದಿನ (1968ರಲ್ಲಿ ಸ್ವಾತಂತ್ರ್ಯ ಬಂದದ್ದು ಅಂದೇ). ನಿಜವಾಗಿ ಗಮನ ಇಡಬೇಕಾದದ್ದು ಶಿವರಾತ್ರಿಗೆ. ಬಿಳಿ ಬಟ್ಟೆ ಉಟ್ಟು, ಅಲಂಕರಿಸಿದ ಕಾವಡಿ ಹೊತ್ತು ಸಾವಿರಾರು ಜನ ದ್ವೀಪದ ಮೂಲೆಮೂಲೆಯಿಂದ ಗಂಗಾ ತಲಾವ್ ಕೆರೆಗೆ ನಡೆದೇ ಹೋಗುತ್ತಾರೆ, ಹಬ್ಬಕ್ಕೆ ಕೆಲವು ದಿನ ಮೊದಲಿಂದಲೇ ಆ ಕಡೆಯ ರಸ್ತೆಗಳಲ್ಲಿ ಕಾರು ಆಮೆ ನಡಿಗೆ. ನೋಡೋಕೆ ಹೋಗೋದಾದರೆ ಸರಿ, ಸುಮ್ನೆ ಸುತ್ತಾಡೋಕೆ ಆ ದಾರಿ ಬೇಡ. ಅಂದಹಾಗೆ, ಯುಗಾದಿಗೂ ಅಲ್ಲಿ ಸರ್ಕಾರಿ ರಜೆ ಇದೆ, ತೆಲುಗು ಮೂಲದವರ ಹಬ್ಬವಾಗಿ. ಚಾಂದ್ರಮಾನದ ತಾರೀಖು ನೋಡಿಯೇ ಟಿಕೆಟ್ ಮಾಡಿಸಿ.