ಹಾಡುವವರು ಬದಲಾದರೆ ಬ್ಯಾಂಡ್ ಅದೇನಾ?

ಪ್ರಶ್ನೆ: ಸರ್, ನನಗೆ ರಾಕ್ ಬ್ಯಾಂಡ್ ಲಿಂಕಿನ್ ಪಾರ್ಕ್ ಅಂದ್ರೆ ಪ್ರಾಣ. 2017ರಲ್ಲಿ ಅದರ ಗಾಯಕ ಚೆಸ್ಟರ್ ಬೆನಿಂಗ್ಟನ್ ತೀರಿಕೊಂಡ ಮೇಲೆ ಏಳು ವರ್ಷ ಕಾದೆ. 2024ರಲ್ಲಿ ಹೊಸ ಗಾಯಕಿ ಎಮಿಲಿ ಆರ್ಮ್‌ಸ್ಟ್ರಾಂಗ್ ಹಾಡಿರುವ ‘ಫ್ರಮ್ ಝೀರೋ’ ಆಲ್ಬಂ ಬಂತು. ಬ್ಯಾಂಡ್‌ಗೆ ಮತ್ತೆ ಜೀವ ಬಂತು ಅಂತ ಕೆಲವರು ಬರೆದರು. ಹಳೇ ಸದ್ದನ್ನೇ ಮತ್ತೆ ಬಡಿಸಿದ್ದಾರೆ ಅಂತ ಇನ್ನು ಕೆಲವರು. ಯಾರನ್ನ ನಂಬಲಿ?

ಉತ್ತರ: ಎರಡರಲ್ಲೂ ನಿಜ ಇದೆ. ಆದರೆ ಸದಸ್ಯರು ಬದಲಾದ ಆಲ್ಬಂ ಕೇಳುವಾಗ ನಾನು ಮೊದಲು ಹುಡುಕುವುದೇ ಬೇರೆ. ಹೊಸಬರಿಗೆ ಬ್ಯಾಂಡ್ ಜಾಗ ಮಾಡಿಕೊಟ್ಟಿದೆಯಾ?

ಬ್ಲ್ಯಾಕ್ ಸಬಾತ್ ಬ್ಯಾಂಡ್ ನೋಡಿ. 1979ರಲ್ಲಿ ಗಾಯಕ ಆಜಿ ಆಸ್ಬರ್ನ್ ಹೊರಗೆ ಹೋದರು, ರೋನಿ ಜೇಮ್ಸ್ ಡಿಯೋ ಬಂದರು. ‘ಐರನ್ ಮ್ಯಾನ್’ ಹಾಡಿನಲ್ಲಿ ಗಿಟಾರ್ ರಿಫ್ (ಮತ್ತೆ ಮತ್ತೆ ಬರುವ ಚಿಕ್ಕ ಸ್ವರಗುಚ್ಛ) ಎತ್ತ ಹೋಗುತ್ತೋ ಆಜಿ ದನಿಯೂ ಅತ್ತಲೇ ಹೋಗುತ್ತದೆ. ಡಿಯೋ ಹಾಗಲ್ಲ, ಅವರ ದನಿಗೆ ತನ್ನದೇ ದಾರಿ ಬೇಕು. 1980ರ ‘ಹೆವನ್ ಅಂಡ್ ಹೆಲ್’ ಆಲ್ಬಂನ ಅದೇ ಹೆಸರಿನ ಹಾಡು ಹಾಕಿ ಕೇಳಿ. ಶುರುವಿನ ದೊಡ್ಡ ರಿಫ್ ಮುಗಿದು ಡಿಯೋ ಬಾಯಿ ತೆರೆಯುವ ಹೊತ್ತಿಗೆ ಟೋನಿ ಅಯೋಮಿಯ ಗಿಟಾರ್ ಹಿಂದೆ ಸರಿಯುತ್ತದೆ. ಗೀಝರ್ ಬಟ್ಲರ್ ನುಡಿಸುವ ಬೇಸ್ (ತಗ್ಗು ಸ್ವರದ ಗಿಟಾರ್), ಅದರ ಜೊತೆ ಡ್ರಮ್ಸ್, ಅಷ್ಟೇ. ಆ ಖಾಲಿ ಜಾಗ ಡಿಯೋಗೆ ಅಂತಲೇ ಬಿಟ್ಟದ್ದು. ಹಾಗಾಗಿಯೇ ಆ ಆಲ್ಬಂ ಇವತ್ತಿಗೂ ನಿಂತಿದೆ ಅಂತ ನಾನು ನಂಬಿದ್ದೇನೆ.

ಮೆಟಾಲಿಕಾ ಬ್ಯಾಂಡ್‌ನಲ್ಲಿ ಆಗಿದ್ದು ಇದರ ತಿರುಗಾಮುರುಗಾ. 1986ರಲ್ಲಿ ಸ್ವೀಡನ್‌ನಲ್ಲಿ ಬಸ್ ಅಪಘಾತದಲ್ಲಿ ಬೇಸ್ ವಾದಕ ಕ್ಲಿಫ್ ಬರ್ಟನ್ ಸತ್ತರು. ಅವರ ಜಾಗಕ್ಕೆ ಜೇಸನ್ ನ್ಯೂಸ್ಟೆಡ್ ಬಂದರು. 1988ರ ‘ಅಂಡ್ ಜಸ್ಟಿಸ್ ಫಾರ್ ಆಲ್’ ಆಲ್ಬಂನಲ್ಲಿ ಒಳ್ಳೇ ಹೆಡ್‌ಫೋನ್ ಹಾಕಿಕೊಂಡು ಹುಡುಕಿದರೂ ಅವರ ಬೇಸ್ ಸಿಗೋದೇ ಕಷ್ಟ. ಎಲ್ಲ ವಾದ್ಯಗಳ ಸದ್ದನ್ನು ಹದವಾಗಿ ಬೆರೆಸುವ ಮಿಕ್ಸಿಂಗ್‌ನಲ್ಲೇ ಅದನ್ನು ಅಷ್ಟು ತಗ್ಗಿಸಿಬಿಟ್ಟಿದ್ದಾರೆ. ನಾನೂ ಬೇಸ್ ನುಡಿಸುವವನು. ಹಾಡುಗಳು ಎಷ್ಟೇ ಚೆನ್ನಾಗಿದ್ದರೂ ಇದು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಈಗ ನಿಮ್ಮ ಬ್ಯಾಂಡಿಗೆ ಬರೋಣ. ‘ದಿ ಎಂಪ್ಟಿನೆಸ್ ಮೆಷೀನ್’ ಹಾಡು ಶುರುವಾಗುವುದು ಬ್ಯಾಂಡಿನ ಹಳೇ ಸದಸ್ಯ ಮೈಕ್ ಶಿನೋಡಾ ದನಿಯಲ್ಲಿ. ಮೊದಲ ಚರಣ, ಮೊದಲ ಪಲ್ಲವಿ ಎರಡೂ ಅವರದೇ. ಎಮಿಲಿ ಬರುವುದು ಎರಡನೇ ಚರಣಕ್ಕೆ. ಗೊತ್ತಿರುವ ದನಿ ಮೊದಲು ಕೇಳಿಸಿ, ಆಮೇಲೆ ಹೊಸಬರನ್ನು ಕೈಹಿಡಿದು ಒಳಗೆ ಕರೆದುಕೊಂಡ ಹಾಗಿದೆ. ಹೊಸ ಆಲ್ಬಂನಿಂದ ಬಿಡಿಯಾಗಿ ಬಿಡುಗಡೆಯಾದ ಮೊದಲ ಹಾಡು (ಸಿಂಗಲ್) ಇದೇ ಆಗಿದ್ದು ನನಗೆ ತುಂಬಾ ಹಿಡಿಸಿತು.

ಆದರೆ ಅದೇ ಆಲ್ಬಂನ ‘ಟೂ ಫೇಸ್ಡ್’ ಕೇಳಿದಾಗ ನಿಮ್ಮ ಎರಡನೇ ಗುಂಪಿನ ವಿಮರ್ಶಕರೂ ಸರಿ ಅನ್ನಿಸುತ್ತದೆ. ಅಲ್ಲಿ ಎಮಿಲಿಗೆ ಸಿಕ್ಕಿರುವುದು ಚೆಸ್ಟರ್ ಜಾಗ, ತನ್ನದೇ ಆದ ಜಾಗ ಅಲ್ಲ. ‘ಹೆವಿ ಈಸ್ ದಿ ಕ್ರೌನ್’ನ ಉದ್ದನೆಯ ಕಿರುಚನ್ನಂತೂ ಜನ ಸೆಕೆಂಡ್ ಲೆಕ್ಕದಲ್ಲಿ ಅಳೆದರು. ಹಳೇ ಹಾಡು ‘ಗಿವನ್ ಅಪ್’ನಲ್ಲಿ ಚೆಸ್ಟರ್ 17 ಸೆಕೆಂಡ್ ಕಿರುಚಿದ್ದರಲ್ಲ, ಅದಕ್ಕೆ ಹೋಲಿಸೋದಕ್ಕೆ! ಸುಮ್ನೆ ಆ ಲೆಕ್ಕಕ್ಕೆ ಹೋಗಬೇಡಿ. ತೀರಿಹೋದವರ ಜೊತೆ ಯಾರನ್ನಾದರೂ ಪಂದ್ಯಕ್ಕೆ ಬಿಡುವುದು ಇಬ್ಬರಿಗೂ ಅನ್ಯಾಯ, ಅಲ್ವಾ?

ಚೆಸ್ಟರ್ ಹಾಡುಗಳನ್ನು ಎಮಿಲಿ ವೇದಿಕೆಯಲ್ಲಿ ಹಾಡಿರುವ ವಿಡಿಯೋಗಳನ್ನು ಸದ್ಯಕ್ಕೆ ಬದಿಗಿಡಿ. ಅವು ಬೇರೆ ಗಂಟಲಿಗೆ ಹುಟ್ಟಿದ ಹಾಡುಗಳು. ‘ಫ್ರಮ್ ಝೀರೋ’ ಇರುವುದೇ ಸುಮಾರು 32 ನಿಮಿಷ. ಮೊದಲಿಂದ ಕೊನೆವರೆಗೆ ಒಂದೇ ಸಲಕ್ಕೆ ಕೇಳಿ, ವಿಮರ್ಶೆಗಳನ್ನು ಆಮೇಲೆ ಓದಿ.