ಹಾಡಿನ ತಂಡ ಬೇರೆಯವರ ಕೈಗೆ ಹೋದಾಗ

ಓದುಗರ ಪತ್ರ

ಸಂಪಾದಕರೇ, ನಮ್ಮ ಸಭೆಯ ಹಾಡಿನ ತಂಡವನ್ನು ಬಹಳ ಕಾಲ ನಡೆಸಿದವನು ನಾನು. ಈಗ ಆ ಜವಾಬ್ದಾರಿ ನನಗಿಂತ ತುಂಬಾ ಕಿರಿಯ ಸಹೋದರಿಯೊಬ್ಬರಿಗೆ ಹೋಗಿದೆ. ಅವರು ಚೆನ್ನಾಗಿಯೇ ನಡೆಸುತ್ತಾರೆ. ಅದೇ ನನಗೆ ಸಹಿಸಲು ಆಗುತ್ತಿಲ್ಲ. ಯಾರಾದರೂ ಅವರನ್ನು ಹೊಗಳಿದರೆ ನಾನೂ ತಲೆಯಾಡಿಸಿ, ಕೊನೆಗೊಂದು ಸಣ್ಣ ಕೊಂಕು ಸೇರಿಸಿಬಿಡುತ್ತೇನೆ. ಇಷ್ಟು ವರ್ಷ ದೇವರಿಗಾಗಿ ಹಾಡಿದೆ ಅಂದುಕೊಂಡಿದ್ದೆ. ಹಾಡಿದ್ದು ನನಗಾಗಿಯೇ ಅಂತ ಈಗ ಗೊತ್ತಾಗುತ್ತಿದೆ. ಈ ಸ್ವಾರ್ಥ ತೆಗೆದುಹಾಕು ಎಂದು ದಿನಾ ಪ್ರಾರ್ಥಿಸುತ್ತೇನೆ. ರಾತ್ರಿ ಕೂತು ಆ ದಿನದ ತಪ್ಪುಗಳನ್ನು ನೋಟ್‌ಬುಕ್‌ನಲ್ಲಿ ಬರೆಯುತ್ತೇನೆ. ಪುಟಗಳು ತುಂಬುತ್ತಿವೆ, ನಾನು ಹಾಗೇ ಇದ್ದೇನೆ. ಹಿರಿಯರೊಬ್ಬರು 'ನಿನ್ನನ್ನು ನೀನು ದ್ವೇಷಿಸು' ಅಂದರು. ಗೆಳೆಯನೊಬ್ಬ 'ಮೊದಲು ನಿನ್ನನ್ನು ನೀನು ಪ್ರೀತಿಸು' ಅಂದ. ಯಾರ ಮಾತು ಕೇಳಲಿ? ನನ್ನ ನಂಬಿಕೆಯೇ ಸುಳ್ಳಾ? ತಂಡ ಬಿಟ್ಟುಬಿಡಲಾ?

(ಹೆಸರು ಬೇಡ ಎಂದು ಕೋರಿದ್ದಾರೆ)

ಸಂಪಾದಕರ ಉತ್ತರ

ಕ್ರಿಸ್ತನಲ್ಲಿ ಪ್ರಿಯ ಸಹೋದರರೇ,

ನಂಬಿಕೆ ಸುಳ್ಳಾ ಅಂತ ಕೇಳಿದ್ದೀರಿ. ಆ ಪ್ರಶ್ನೆ ಮೊದಲು ಮುಗಿಸೋಣ. ಸುಳ್ಳಲ್ಲ. ಹೊಟ್ಟೆಕಿಚ್ಚು ಇದ್ದ ಮಾತ್ರಕ್ಕೆ ನಂಬಿಕೆ ಸುಳ್ಳು ಅನ್ನುವುದಾದರೆ ಹನ್ನೆರಡು ಮಂದಿ ಶಿಷ್ಯರಲ್ಲಿ ಒಬ್ಬರೂ ಉಳಿಯುವುದಿಲ್ಲ. ಯಾಕೋಬ, ಯೋಹಾನ ಇಬ್ಬರೂ ಬಂದು, ಯೇಸುವಿನ ಬಲಕ್ಕೊಬ್ಬ ಎಡಕ್ಕೊಬ್ಬ ಕೂರುವ ಜಾಗ ಕೇಳಿದರು (ಮಾರ್ಕ 10). ಮತ್ತಾಯನ ಪ್ರಕಾರ ಕೇಳಿದ್ದು ಅವರ ತಾಯಿ. ಶಿಫಾರಸಿಗೆ ಅಮ್ಮನನ್ನೇ ಕರೆತಂದಿದ್ದರು ಅಂತ ಕಾಣುತ್ತದೆ! ಉಳಿದ ಹತ್ತು ಮಂದಿಗೆ ಸಿಟ್ಟು ಬಂತು. ಅವರಿಗೂ ಆ ಜಾಗದ ಮೇಲೆ ಕಣ್ಣಿಲ್ಲದಿದ್ದರೆ ಸಿಟ್ಟು ಯಾಕೆ ಬರಬೇಕು? ಕಡೆಯ ಊಟದ ರಾತ್ರಿ, ರೊಟ್ಟಿ ಮುರಿದು ಪಾತ್ರೆ ಕೊಟ್ಟ ಮೇಲೂ, ನಮ್ಮಲ್ಲಿ ಯಾರು ದೊಡ್ಡವರು ಎಂಬ ವಾದ ಎದ್ದಿತು ಎಂದು ಲೂಕ ಬರೆಯುತ್ತಾನೆ (22:24). ಪುನರುತ್ಥಾನದ ನಂತರವೂ ಪೇತ್ರನಿಗೆ ಪಕ್ಕದವನ ಚಿಂತೆ ಹೋಗಿರಲಿಲ್ಲ. ಹಿಂದೆ ಬರುತ್ತಿದ್ದ ಶಿಷ್ಯನನ್ನು ನೋಡಿ, 'ಕರ್ತನೇ, ಇವನ ಕಥೆ ಏನು?' ಎಂದು ಕೇಳಿದ. ಅದರಿಂದ ನಿನಗೇನು, ನೀನು ನನ್ನ ಹಿಂದೆ ಬಾ ಎಂಬರ್ಥದ ಉತ್ತರ ಸಿಕ್ಕಿತು (ಯೋಹಾನ 21). ಖಾರವಾದ ಉತ್ತರವೇ. ಆದರೆ ಅದರಲ್ಲಿ ಕರೆಯೂ ಇದೆ. ಈ ದೋಷಕ್ಕಾಗಿ ಯೇಸು ಇವರಲ್ಲಿ ಯಾರನ್ನೂ ಹೊರಗೆ ಹಾಕಲಿಲ್ಲ.

ಇನ್ನು ನಿಮ್ಮ ನೋಟ್‌ಬುಕ್. ಅದರ ಬಗ್ಗೆ ನನಗೆ ನಿಜವಾಗಿಯೂ ಚಿಂತೆ ಇದೆ. ನಿಮ್ಮ ಪತ್ರದಲ್ಲಿ ಎಷ್ಟು ಸಲ 'ನಾನು' ಬಂದಿದೆ ನೋಡಿ. ತಪ್ಪು ಹುಡುಕುತ್ತಿಲ್ಲ, ಕಷ್ಟ ಹೇಳಿಕೊಳ್ಳುವ ಪತ್ರ ಹಾಗೇ ಇರುತ್ತದೆ. ಆದರೆ ಸ್ವಾರ್ಥದ ವಿರುದ್ಧ ನೀವು ಮಾಡುತ್ತಿರುವ ಹೋರಾಟವೂ ಪೂರ್ತಿ ನಿಮ್ಮ ಸುತ್ತಲೇ ನಡೆಯುತ್ತಿದೆ. ಹಗಲಲ್ಲಿ 'ಜನ ನನ್ನನ್ನು ನೋಡುತ್ತಿದ್ದಾರಾ' ಎಂಬ ಚಿಂತೆ. ರಾತ್ರಿ 'ನಾನು ಎಷ್ಟು ಕೆಟ್ಟವನು' ಎಂಬ ಚಿಂತೆ. ಎರಡರಲ್ಲೂ ನಡುವೆ ಕೂತವರು ನೀವೇ ಅಲ್ವಾ?

ಈ ದಾರಿಯಲ್ಲಿ ನಡೆದು ಸುಸ್ತಾದವರಲ್ಲಿ ದೊಡ್ಡ ಹೆಸರುಗಳೂ ಇವೆ. ಮುಂದೆ ಸಭೆಯ ಸುಧಾರಣೆಗೆ ಕಾರಣರಾದ ಮಾರ್ಟಿನ್ ಲೂಥರ್ 1505ರಲ್ಲಿ ಜರ್ಮನಿಯ ಎರ್ಫರ್ಟ್‌ನ ಮಠ ಸೇರಿದರು. ಅಲ್ಲಿ ಗಂಟೆಗಟ್ಟಲೆ ಪಾಪ ಅರಿಕೆ ಮಾಡುತ್ತಿದ್ದರು. ಅರಿಕೆ ಮುಗಿಸಿ ಬಂದರೆ ಬಿಟ್ಟುಹೋದದ್ದು ಇನ್ನೊಂದು ನೆನಪಾಗುತ್ತಿತ್ತು. ಅವರ ಹಿರಿಯರಾಗಿದ್ದ ಯೋಹಾನ್ ಫಾನ್ ಸ್ಟೌಪಿಟ್ಸ್ ಇನ್ನಷ್ಟು ಕಟ್ಟುನಿಟ್ಟಿನ ಪಟ್ಟಿ ಬರೆಯಲು ಹೇಳಲಿಲ್ಲ. ನಿನ್ನನ್ನು ನೋಡಿಕೊಳ್ಳುವುದು ಬಿಡು, ಕ್ರಿಸ್ತನ ಗಾಯಗಳ ಕಡೆ ನೋಡು ಅಂದರು. ಮುಂದೆ 1515–16ರಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯ ಮೇಲೆ ಪಾಠ ಮಾಡುವಾಗ ಲೂಥರ್ ಒಂದು ಮಾತು ಹೇಳಿದರು. ಮನುಷ್ಯ ತನ್ನೊಳಗೇ ಬಾಗಿಹೋಗಿದ್ದಾನೆ; ಲೋಕದ ವಸ್ತುಗಳನ್ನಷ್ಟೇ ಅಲ್ಲ, ದೇವರನ್ನೂ ತನ್ನ ಲಾಭಕ್ಕೆ ತಿರುಗಿಸಿಕೊಳ್ಳುತ್ತಾನೆ ಎಂಬುದು ಅದರ ಸಾರ. ಹಾಗೆ ಬಾಗಿದವನು ತನ್ನನ್ನೇ ನೋಡುತ್ತಾ ನೆಟ್ಟಗಾಗುವುದು ಹೇಗೆ? ಬೇರೆ ಏನನ್ನಾದರೂ ನೋಡಲು ತಲೆ ಎತ್ತಬೇಕು.

ಹಾಗಂತ ಆತ್ಮಪರೀಕ್ಷೆ ಬೇಡ ಅನ್ನುತ್ತಿಲ್ಲ. ಜೆಸ್ವಿಟ್ ಸಂಘ ಸ್ಥಾಪಿಸಿದ ಇಗ್ನೇಷಿಯಸ್ ಲೊಯೋಲ ತಮ್ಮ ಶಿಷ್ಯರಿಗೆ ದಿನದ ಪರೀಕ್ಷೆಯ ಕ್ರಮವೊಂದನ್ನು ಕೊಟ್ಟರು. ಅದರ ಮೊದಲ ಹೆಜ್ಜೆ ತಪ್ಪು ಎಣಿಸುವುದಲ್ಲ, ಸಿಕ್ಕಿದ ಒಳಿತಿಗಾಗಿ ದೇವರಿಗೆ ಕೃತಜ್ಞತೆ ಹೇಳುವುದು. ತಪ್ಪನ್ನು ಕಾಣುವ ಬೆಳಕು ಕೊಡು ಎಂದು ಕೇಳುವುದು ಎರಡನೆಯದು. ದಿನವನ್ನು ತಿರುಗಿ ನೋಡುವುದು ಅದಾದ ಮೇಲೆ. ನಂತರ ಕ್ಷಮೆ ಕೇಳಿ, ನಾಳೆಗೊಂದು ತೀರ್ಮಾನ ಮಾಡಿ ಎದ್ದುಬಿಡುವುದು. ನಿಮ್ಮ ನೋಟ್‌ಬುಕ್‌ನಲ್ಲಿ ಮೂರನೆಯ ಹೆಜ್ಜೆ ಮಾತ್ರ ಇದೆ ಅನ್ನಿಸುತ್ತದೆ. ಯೇಸು ಹೇಳಿದ ಸಾಮ್ಯದಲ್ಲಿ, ದೇವಾಲಯದಲ್ಲಿ ದೂರ ನಿಂತ ಸುಂಕದವನ ಪ್ರಾರ್ಥನೆ ಒಂದೇ ಸಾಲಿನದು: ದೇವರೇ, ಪಾಪಿಯಾದ ನನ್ನನ್ನು ಕರುಣಿಸು. ಅಷ್ಟು ಹೇಳಿ ನೀತಿವಂತನಾಗಿ ಮನೆಗೆ ಹೋದ. ನೀವೂ ಒಂದು ಸಾಲು ಬರೆಯಿರಿ, ಮಲಗಿ.

ಹಾಡಿನ ತಂಡದ ವಿಷಯಕ್ಕೆ ಬರೋಣ. ನಿಮ್ಮ ಪತ್ರ ಓದುವಾಗ ನನಗೆ ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯ ನೆನಪಾಯಿತು. ಸ್ನಾನಿಕ ಯೋಹಾನನ ಶಿಷ್ಯರು ಬಂದು ದೂರು ಹೇಳುತ್ತಾರೆ. ನೀನು ಯಾರ ಬಗ್ಗೆ ಸಾಕ್ಷಿ ಹೇಳಿದೆಯೋ ಆ ಯೇಸುವೇ ಈಗ ದೀಕ್ಷಾಸ್ನಾನ ಮಾಡಿಸುತ್ತಿದ್ದಾನೆ, ಎಲ್ಲರೂ ಅವನ ಹತ್ತಿರ ಹೋಗುತ್ತಿದ್ದಾರೆ ಅಂತ. ದೂರು ತರುವ ಜನ ಎಲ್ಲ ಕಾಲದಲ್ಲೂ ಇರುತ್ತಾರೆ. ನಿಮ್ಮ ಕಿವಿಗೂ ಯಾರೋ 'ನೀವಿದ್ದಾಗಲೇ ಚೆನ್ನಾಗಿತ್ತು' ಅಂತ ಊದಿರಬಹುದು. ಯೋಹಾನನ ಉತ್ತರದಲ್ಲಿ ನಾವೆಲ್ಲ ಕೊನೆಯ ಮಾತನ್ನೇ ಹಿಡಿದುಕೊಂಡಿದ್ದೇವೆ: ಆತನು ಹೆಚ್ಚಬೇಕು, ನಾನು ಕಡಿಮೆಯಾಗಬೇಕು. ಅದನ್ನು ಬಾಯಿಪಾಠ ಮಾಡಿ, ಹಲ್ಲು ಕಚ್ಚಿ ಕಡಿಮೆಯಾಗಲು ನೋಡುತ್ತೇವೆ. ಅದರ ಹಿಂದಿನ ವಚನವನ್ನು ದಾಟಿಬಿಡುತ್ತೇವೆ. ಮದುಮಗನ ಗೆಳೆಯ ಮದುಮಗನ ದನಿ ಕೇಳಿಯೇ ಸಂತೋಷಪಡುತ್ತಾನೆ, ನನ್ನ ಆ ಸಂತೋಷ ಈಗ ತುಂಬಿದೆ ಅನ್ನುತ್ತಾನೆ ಯೋಹಾನ. ಸಂತೋಷ ಮೊದಲು ಬಂತು. ಕಡಿಮೆಯಾಗುವ ಮಾತು ಅದರ ಹಿಂದೆ ಬಂತು. ಕಡಿಮೆಯಾಗುವುದು ಅವನಿಗೆ ಶಿಕ್ಷೆಯಾಗಿರಲಿಲ್ಲ.

ಪೌಲನಲ್ಲೂ ಇದೇ ಕಾಣುತ್ತದೆ. ಫಿಲಿಪ್ಪಿಯವರಿಗೆ ಪತ್ರ ಬರೆಯುವಾಗ ಅವನು ಸೆರೆಯಲ್ಲಿದ್ದ. ಅವನು ಒಳಗಿರುವಾಗ ಹೊರಗೆ ಕೆಲವರು ಹೊಟ್ಟೆಕಿಚ್ಚಿನಿಂದ, ಅವನಿಗೆ ನೋವಾಗಲಿ ಅಂತಲೇ ಕ್ರಿಸ್ತನನ್ನು ಸಾರುತ್ತಿದ್ದರು. ಅವನ ಉತ್ತರ ಏನು ಗೊತ್ತಾ? ಹೇಗಾದರೇನು, ಕ್ರಿಸ್ತನ ಪ್ರಸಿದ್ಧಿ ಆಗುತ್ತಿದೆ, ಅದಕ್ಕೆ ನನಗೆ ಸಂತೋಷ (1:15–18). ನಿಮ್ಮ ಸಹೋದರಿಗಂತೂ ನಿಮ್ಮ ಮೇಲೆ ಯಾವ ದ್ವೇಷವೂ ಇಲ್ಲ. ಸಭೆಯವರು ದೇವರನ್ನು ಹಾಡಿ ಆರಾಧಿಸಬೇಕು ಎಂದು ತಾನೇ ನೀವು ಇಷ್ಟು ವರ್ಷ ದುಡಿದದ್ದು? ಅದು ಈಗಲೂ ನಡೆಯುತ್ತಿದೆ. ಬಹುಶಃ ಆ ಸಹೋದರಿ ಹಾಡಲು ಕಲಿತದ್ದೂ ನಿಮ್ಮ ತಂಡದಲ್ಲೇ ಇರಬಹುದು.

'ಹೇಳೋದು ಸುಲಭ, ಆ ಸಂತೋಷ ಎಲ್ಲಿಂದ ತರಲಿ' ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಯೇಸು ಶಿಷ್ಯರ ಕಾಲು ತೊಳೆದ ಸಂಗತಿ ಎಲ್ಲರಿಗೂ ಗೊತ್ತು. ಆತನು ಊಟದಿಂದ ಏಳುವ ಮೊದಲು ಸುವಾರ್ತೆಗಾರ ಒಂದು ಮಾತು ಬರೆದಿದ್ದಾನೆ. ತಂದೆ ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾನೆ, ತಾನು ದೇವರಿಂದ ಬಂದವನು, ದೇವರ ಬಳಿಗೆ ಹೋಗುವವನು ಎಂದು ಯೇಸು ತಿಳಿದುಕೊಂಡು ಎದ್ದನು ಎಂದು (ಯೋಹಾನ 13:3). ಟವೆಲ್ ಸೊಂಟಕ್ಕೆ ಕಟ್ಟಿದ್ದು ಇದಾದ ಮೇಲೆ. ತಾನು ಯಾರು ಎಂಬುದು ಗೊತ್ತಿದ್ದವನಿಗೆ ಕಾಲ ಬಳಿ ಕೂರಲು ಅಂಜಿಕೆ ಇರಲಿಲ್ಲ. ಕಳೆದುಕೊಳ್ಳಲು ಏನೂ ಇರಲಿಲ್ಲ. ನಮಗೆ ಆ ಭರವಸೆ ಇಲ್ಲ. ಅದಕ್ಕೇ ಕುರ್ಚಿ, ಮೈಕು, ಹೊಗಳಿಕೆ ಎಲ್ಲವನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತೇವೆ. ತಂಡದ ಮುಂದೆ ನಿಂತಾಗ ಮಾತ್ರ ನಾನು ಯಾರೋ ಒಬ್ಬ ಅನ್ನಿಸಿದರೆ, ಆ ಜಾಗ ಹೋದಾಗ ಜೀವವೇ ಹೋದ ಹಾಗಾಗುತ್ತದೆ. ಸ್ವಾರ್ಥದ ಬೇರಿನಲ್ಲಿ ನನಗೆ ಜಾಸ್ತಿ ಕಾಣುವುದು ಭಯ. ಅಹಂಕಾರವೂ ಇದೆ, ಆದರೆ ಎಷ್ಟೋ ಸಲ ಅದು ಭಯಕ್ಕೆ ಹೊದಿಸಿದ ಬಟ್ಟೆ. ಸುವಾರ್ತೆ ಆ ಭಯದ ಜೊತೆ ಮಾತಾಡುತ್ತದೆ. ಹಾಡುವ ಮೊದಲೇ, ಯಾರೂ ಹೊಗಳುವ ಮೊದಲೇ, ದೇವರು ನಿಮ್ಮನ್ನು ಮಗನೆಂದು ಕರೆದಾಗಿದೆ. ಕೃಪೆ ಅಂದರೆ ಅದೇ. 'ಸ್ವಾರ್ಥ ತೆಗೆದುಹಾಕು' ಎಂಬ ಪ್ರಾರ್ಥನೆಯನ್ನು ಸ್ವಲ್ಪ ದಿನ ಪಕ್ಕಕ್ಕಿಟ್ಟು, 'ನಾನು ನಿನ್ನವನು ಎಂದು ನಂಬಲು ಕಲಿಸು' ಎಂದು ಪ್ರಾರ್ಥಿಸಿ ನೋಡಿ.

ನಿಮ್ಮ ಹಿರಿಯರು, ಗೆಳೆಯ, ಇಬ್ಬರ ಮಾತಲ್ಲೂ ಅರ್ಧ ನಿಜ ಇದೆ. 12ನೇ ಶತಮಾನದಲ್ಲಿ ಕ್ಲೇರ್‌ವೊ ಮಠದ ಬರ್ನಾರ್ಡ್ ಪ್ರೀತಿಯ ನಾಲ್ಕು ಮೆಟ್ಟಿಲುಗಳನ್ನು ಹೇಳಿದರು. ಮೊದಲು ಮನುಷ್ಯ ತನಗಾಗಿ ತನ್ನನ್ನು ಪ್ರೀತಿಸುತ್ತಾನೆ. ಆಮೇಲೆ ತನ್ನ ಲಾಭಕ್ಕಾಗಿ ದೇವರನ್ನು ಪ್ರೀತಿಸುತ್ತಾನೆ. ಆಮೇಲೆ ದೇವರನ್ನು ದೇವರಿಗಾಗಿಯೇ ಪ್ರೀತಿಸುತ್ತಾನೆ. ಮೆಟ್ಟಿಲು ಅಲ್ಲಿಗೆ ಮುಗಿಯುತ್ತದೆ ಅಂದುಕೊಳ್ಳುತ್ತೇವೆ. ಮುಗಿಯುವುದಿಲ್ಲ. ನಾಲ್ಕನೆಯದು, ದೇವರಿಗಾಗಿ ತನ್ನನ್ನು ಪ್ರೀತಿಸುವುದು. ದ್ವೇಷ ಯಾವ ಮೆಟ್ಟಿಲಲ್ಲೂ ಇಲ್ಲ. ನಿಮ್ಮ ಗೆಳೆಯ ಹೇಳುವ ಪ್ರೀತಿ ಮೊದಲ ಮೆಟ್ಟಿಲಿನದಾ, ಕೊನೆಯದಾ ಎಂಬುದು ಮಾತ್ರ ಪ್ರಶ್ನೆ. ಮೊದಲನೆಯದಾದರೆ ಅದನ್ನು ಯಾರೂ ಕಲಿಸಬೇಕಾಗಿಲ್ಲ, ಹುಟ್ಟಿನಿಂದಲೇ ಬರುತ್ತದೆ.

ಇಲ್ಲಿ ಒಂದು ಮಾತು, ನಿಮಗಿಂತ ಬೇರೆ ಓದುಗರಿಗಾಗಿ. ತನ್ನನ್ನು ನಿರಾಕರಿಸುವುದು ಅಂದರೆ ಹೊಡೆಸಿಕೊಂಡು ಸುಮ್ಮನಿರುವುದಲ್ಲ. ಮನೆಯಲ್ಲಿ ಹಿಂಸೆ ಸಹಿಸುತ್ತಿರುವವರಿಗೆ 'ಶಿಲುಬೆ ಹೊತ್ತುಕೋ' ಎಂದು ಬುದ್ಧಿ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಹಾಯಾಜಕನ ಮುಂದೆ ಕೆನ್ನೆಗೆ ಹೊಡೆದವನನ್ನು ಯೇಸುವೇ ಪ್ರಶ್ನಿಸಿದನು, ಯಾಕೆ ಹೊಡೆಯುತ್ತೀ ಎಂದು. ಫಿಲಿಪ್ಪಿಯಲ್ಲಿ ಅಧಿಕಾರಿಗಳು ಪೌಲನನ್ನು ವಿಚಾರಣೆ ಇಲ್ಲದೆ ಹೊಡೆಸಿ, ಮರುದಿನ ಗುಟ್ಟಾಗಿ ಕಳಿಸಲು ನೋಡಿದರು. ಅವರೇ ಬಂದು ಹೊರಗೆ ಕರೆದುಕೊಂಡು ಹೋಗಲಿ ಅಂದ ಪೌಲ (ಅಪೊಸ್ತಲರ ಕೃತ್ಯಗಳು 16). ದೀನತೆಗೂ ಬೆನ್ನೆಲುಬಿದೆ.

ಈಗ ಮಾಡಬೇಕಾದದ್ದು. ದೊಡ್ಡ ತ್ಯಾಗದ ಯೋಜನೆ ಹಾಕಬೇಡಿ. ಅದರಲ್ಲೂ ನಾಯಕ ನೀವೇ ಆಗಿಬಿಡುತ್ತೀರಿ. ಫ್ರಾನ್ಸಿನ ಲಿಸ್ಯೂನ ತೆರೇಸಾ 1897ರಲ್ಲಿ 24ನೇ ವಯಸ್ಸಿಗೇ ತೀರಿಕೊಂಡ ಕನ್ಯಾಸ್ತ್ರೀ. ಮಠದಲ್ಲಿ ಮೌನ ಪ್ರಾರ್ಥನೆಯ ಹೊತ್ತು ಪಕ್ಕದ ಸಿಸ್ಟರ್ ಒಬ್ಬರು ಏನೋ ಒಂದು ಕಿರಿಕಿರಿ ಸದ್ದು ಮಾಡುತ್ತಿದ್ದರಂತೆ. ತಿರುಗಿ ಗುರಾಯಿಸಬೇಕು ಅನ್ನಿಸುವಷ್ಟು ಕೋಪ. ಬೆವರೇ ಇಳಿಯುತ್ತಿತ್ತಂತೆ. ಕೊನೆಗೆ ತೆರೇಸಾ ಆ ಸದ್ದನ್ನೇ ಸಂಗೀತ ಅಂದುಕೊಂಡು ಕೇಳಿ, ಅದನ್ನೇ ಯೇಸುವಿಗೆ ಅರ್ಪಿಸಿದರು. ಮಠದಲ್ಲಿ ಅವರಿಗೆ ಒಂಚೂರೂ ಹಿಡಿಸದ ಇನ್ನೊಬ್ಬ ಸಿಸ್ಟರ್ ಇದ್ದರು. ಅವರಿಗಾಗಿ ಪ್ರಾರ್ಥಿಸಿ, ಸಿಕ್ಕಾಗಲೆಲ್ಲ ನಗುತ್ತಾ ಸಹಾಯ ಮಾಡಿದರು. ಎಷ್ಟರ ಮಟ್ಟಿಗೆ ಅಂದರೆ, ನನ್ನಲ್ಲಿ ನಿನಗೆ ಅಷ್ಟೊಂದು ಇಷ್ಟವಾದದ್ದೇನು ಎಂದು ಆ ಸಿಸ್ಟರೇ ಕೇಳಿದರಂತೆ! ಆ ಸಹೋದರಿಗಾಗಿ ನೀವೂ ಹೆಸರು ಹಿಡಿದು ಪ್ರಾರ್ಥಿಸಿ. ಅವರ ದನಿ ಚೆನ್ನಾಗಿರಲಿ, ಅವರಿಗೆ ಧೈರ್ಯ ಬರಲಿ ಎಂದು. ಮೊದಲು ಬಾಯಿಂದ ಮಾತ್ರ ಬರುತ್ತದೆ. ಬರಲಿ.

ಕೊಂಕಿನ ವಿಷಯಕ್ಕೆ ಒಂದು ಹಳೆಯ ನಿಯಮ ಇದೆ. 1935ರಲ್ಲಿ ಜರ್ಮನಿಯ ಫಿಂಕನ್‌ವಾಲ್ಡೆಯಲ್ಲಿ ಪಾಸ್ಟರ್ ಡೀಟ್ರಿಕ್ ಬಾನ್‌ಹಾಫರ್ ಒಂದು ಪಾಸ್ಟರುಗಳ ತರಬೇತಿ ಶಾಲೆ ನಡೆಸಲು ಶುರುಮಾಡಿದರು. 1937ರಲ್ಲಿ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಅದನ್ನು ಮುಚ್ಚಿಸಿತು. ಅಲ್ಲಿದ್ದವರಿಗೆ ಅವರು ಹಾಕಿದ ನಿಯಮ ಇಷ್ಟೇ. ಎದುರಿಗಿಲ್ಲದ ಸಹೋದರನ ಬಗ್ಗೆ ಮಾತಾಡಬಾರದು. ಮಾತಾಡಿಬಿಟ್ಟರೆ, ಹೋಗಿ ಅವನಿಗೇ ಹೇಳಬೇಕು. ಇದನ್ನು ಪಾಲಿಸಲು ಹೋದವರು ಎಷ್ಟು ಸಲ ಎಡವುತ್ತೇವೆ ಎಂಬುದನ್ನು ಬೇಗ ಕಲಿತರಂತೆ.

ಹಾಗಾದರೆ ಆ ಸಹೋದರಿಯ ಬಳಿ ಹೋಗಿ ಹೊಟ್ಟೆಕಿಚ್ಚೆಲ್ಲ ಹೇಳಿಕೊಳ್ಳಬೇಕಾ? ನನ್ನ ಅಭಿಪ್ರಾಯದಲ್ಲಿ ಬೇಡ. ಫಿಂಕನ್‌ವಾಲ್ಡೆಯಲ್ಲಿ ಎಲ್ಲರೂ ಒಪ್ಪಿ ಬಂದಿದ್ದರು, ಈಕೆ ಒಪ್ಪಿಲ್ಲ. ಈಗಷ್ಟೇ ಜವಾಬ್ದಾರಿ ಹೊತ್ತವರು. ನಿಮ್ಮ ಮಾತು ಕೇಳಿ, ಕೊನೆಗೆ ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಯಾರ ಹತ್ತಿರ ಕೊಂಕು ಆಡಿದ್ದೀರೋ ಅವರ ಹತ್ತಿರ ಹೋಗಿ ಸರಿಮಾಡಿಕೊಳ್ಳಿ. 'ಆವತ್ತು ನಾನು ಹಾಗಂದದ್ದು ಸರಿ ಇರಲಿಲ್ಲ, ಅವರು ಚೆನ್ನಾಗಿ ನಡೆಸುತ್ತಿದ್ದಾರೆ' ಅಂದರೆ ಸಾಕು. ನಾಚಿಕೆಯಾಗುತ್ತದೆ, ಆದರೂ ಹೇಳಿ. ಹೊಟ್ಟೆಕಿಚ್ಚನ್ನು ಪಾಸ್ಟರ ಮುಂದೆ, ಇಲ್ಲವೇ ಬಾಯಿ ಬಿಗಿ ಇರುವ ಒಬ್ಬ ವಿಶ್ವಾಸಿಯ ಮುಂದೆ ಅರಿಕೆ ಮಾಡಿ. ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಿ ಎಂದು ಯಾಕೋಬನ ಪತ್ರಿಕೆಯಲ್ಲೇ ಇದೆಯಲ್ಲ (5:16). ಇನ್ನೊಬ್ಬರ ಬಾಯಿಂದ 'ಕ್ಷಮೆ ಸಿಕ್ಕಿದೆ' ಎಂದು ಕೇಳುವುದರಲ್ಲಿ ಇರುವ ಬಿಡುಗಡೆ ನೋಟ್‌ಬುಕ್‌ನಲ್ಲಿ ಸಿಗುವುದಿಲ್ಲ. ಇನ್ನೂ ಒಂದು. ಯಾರಿಗೂ ಗೊತ್ತಾಗದ ಒಂದು ಕೆಲಸ ಹಿಡಿಯಿರಿ. ಕುರ್ಚಿ ಜೋಡಿಸುವುದೋ, ಹಾಸಿಗೆ ಹಿಡಿದ ಒಬ್ಬರನ್ನು ಹೋಗಿ ನೋಡಿಬರುವುದೋ. ಅದನ್ನು ನಮಗೂ ಬರೆದು ತಿಳಿಸಬೇಡಿ.

ತಂಡ ಬಿಡಲಾ ಎಂದು ಕೇಳಿದ್ದೀರಿ. ಈಗ ಬಿಡಬೇಡಿ. ಈಗ ಬಿಟ್ಟರೆ ಎಲ್ಲರೂ ಕಾರಣ ಹುಡುಕುತ್ತಾರೆ, ಆ ಸಹೋದರಿ ತನ್ನಿಂದಲೇ ಹೀಗಾಯಿತು ಅಂದುಕೊಳ್ಳುತ್ತಾರೆ. ಮುಂದೆ ಯಾವಾಗಲಾದರೂ ದಣಿವಾಯಿತು ಅನ್ನಿಸಿದರೆ ಅವರಿಗೆ ನೇರವಾಗಿ ಹೇಳಿ ಬಿಡಬಹುದು, ಅದರಲ್ಲಿ ಪಾಪ ಏನೂ ಇಲ್ಲ. ಸದ್ಯಕ್ಕೆ ಅಭ್ಯಾಸಕ್ಕೆ ಸಮಯಕ್ಕೆ ಸರಿಯಾಗಿ ಹೋಗಿ, ಹಿಂದಿನ ಸಾಲಲ್ಲಿ ನಿಲ್ಲಿ. ಅವರು ಹಾಡಿನ ಬಗ್ಗೆ ಸಲಹೆ ಕೇಳಿದರೆ ಗೊತ್ತಿರುವುದನ್ನು ಮುಚ್ಚಿಡದೆ ಹೇಳಿ. ಕೇಳದಿದ್ದರೆ ಸುಮ್ನೆ ಅವರು ಹೇಳಿದ ಶ್ರುತಿಯಲ್ಲಿ ಹಾಡಿ.

ಪ್ರಭುವಿನಲ್ಲಿ ನಿಮ್ಮ,
ಸಂಪಾದಕ